ಖಾಲಿ ಕುರ್ಚಿಗೂ ಅರುವತ್ತು

ಮ್ಯಾನೇಜರು ತಾವೇ ಒಂದು ಸ್ಟೂಲು ಎಳೆದುಕೊಂಡು ಬಂದು ಮುಳ್ಳಣ್ಣನ ಪಕ್ಕದಲ್ಲಿ ಕೂತರು. ಅವನ ದಿನ ಕೆಟ್ಟದ್ದು ಅಲ್ಲಿಂದಲೇ.

ತೂಕದ ಯಂತ್ರಗಳನ್ನು ಮಾಡುವ ಆ ಕಾರ್ಖಾನೆಯಲ್ಲಿ ಮ್ಯಾನೇಜರು ಕೆಲಸಗಾರರ ಪಕ್ಕ ಕೂತದ್ದನ್ನು ಕಂಡವರಿರಲಿಲ್ಲ. ಅವರು ನಿಲ್ಲುವವರು. ಸದ್ದಿಲ್ಲದೆ ಬೆನ್ನ ಹಿಂದೆ ಬಂದು ನಿಂತು, ಒಮ್ಮೆ ಗಂಟಲು ಸರಿಮಾಡಿಕೊಂಡು, ಎದುರಿನವನ ಜೀವ ಬಾಯಿಗೆ ಬಂದದ್ದು ಖಾತ್ರಿಯಾದ ಮೇಲೆ ಮುಂದಿನ ಮೇಜಿಗೆ ಹೋಗುವವರು. ಅಂಥವರು ಇವತ್ತು ಹಲ್ಲಿನ ಡಾಕ್ಟರ ಕೋಣೆಯ ಹೊರಗೆ ಸರದಿ ಕಾಯುವವರ ಹಾಗೆ ಮೈ ಮುದುಡಿ ಕೂತು, ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆಯೇ, ಕುರ್ಚಿ ಬೆನ್ನಿಗೆ ಒತ್ತುವುದಿಲ್ಲವೇ, ಕಿಟಕಿಯ ಬೆಳಕು ಸಾಲುತ್ತದೆಯೇ ಎಂದು ಒಂದೊಂದಾಗಿ ವಿಚಾರಿಸಿದರು. ಎಲ್ಲದಕ್ಕೂ ಮುಳ್ಳಣ್ಣ ಹೂಂ ಎಂದ. ಎದ್ದು ಹೋಗುವಾಗ ಅವರು ಅವನ ಹೆಗಲ ಮೇಲೆ ಕೈಯಿಟ್ಟು, "ಏನಿದ್ರೂ ಮನಸ್ಸಲ್ಲೇ ಇಟ್ಕೊಂಡು ಕೊರಗ್ಬೇಡಿ. ನಾನಿದ್ದೀನಿ" ಎಂದರು.

ಮುಳ್ಳಣ್ಣನಿಗೆ ಕೊರಗು ಶುರುವಾದದ್ದೇ ಆಗ.

ಅವನ ನಿಜವಾದ ಹೆಸರು ಸಂಬಳ ಕೊಡುವವರಿಗೆ ಮಾತ್ರ ಗೊತ್ತಿತ್ತು. ಕಾರ್ಖಾನೆಯ ಪರೀಕ್ಷಾ ಕೋಣೆಯಲ್ಲಿ ಅವನ ಮೇಜು. ತಯಾರಾದ ಪ್ರತಿಯೊಂದು ತೂಕದ ಯಂತ್ರವೂ ಕೊನೆಗೆ ಅಲ್ಲಿಗೆ ಬರಬೇಕು. ತಟ್ಟೆ ಖಾಲಿಯಿರುವಾಗ ಮುಳ್ಳು ನೆಟ್ಟಗೆ ಸೊನ್ನೆಯ ಮೇಲೆ ನಿಂತಿದೆಯೇ ಎಂದು ಅವನು ನೋಡಬೇಕು. ಕೂದಲೆಳೆಯಷ್ಟು ಆಚೀಚೆ ಇದ್ದರೂ ತಿರುಪು ತಿರುಗಿಸಿ ಸರಿಮಾಡಬೇಕು. ಕಣ್ಣು ಕಿರಿದಾಗಿಸಿ ಮುಳ್ಳನ್ನು ನೋಡಿ ನೋಡಿ ಅವನಿಗೆ ಆ ಹೆಸರು ಅಂಟಿಕೊಂಡಿತ್ತು. ಉಳಿದಂತೆ ಆ ಮನುಷ್ಯನಲ್ಲಿ ಮುಳ್ಳು ಎನ್ನುವಂಥದ್ದು ಏನೂ ಇರಲಿಲ್ಲ. ಇಟ್ಟ ಕಡೆ ಇರುವವನು. ಬಾಗಿಲು ತೆಗೆಯುವ ಮುಂಚೆ ಬಂದು ಬಾಗಿಲ ಮುಂದೆ ನಿಲ್ಲುವವನು. ರಜೆ ಎಂದರೆ ಅವನಿಗೆ ಮನೆಯ ಚಿಲಕ ದುರಸ್ತಿ ಮಾಡುವ ದಿನ, ಅಷ್ಟೇ.

ಮ್ಯಾನೇಜರ ಮಮತೆಗೆ ಎರಡೇ ಕಾರಣ ಇರಬಹುದೆಂದು ಅವನು ಲೆಕ್ಕ ಹಾಕಿದ. ಒಂದೋ ತನ್ನನ್ನು ಕೆಲಸದಿಂದ ತೆಗೆಯುತ್ತಿದ್ದಾರೆ. ಇಲ್ಲವೇ ಕಾರ್ಖಾನೆಯ ಡಾಕ್ಟರು ಕಳೆದ ತಪಾಸಣೆಯಲ್ಲಿ ಏನೋ ಕಂಡುಹಿಡಿದು, ತನಗೆ ಹೇಳದೆ ಅವರಿಗೆ ಮಾತ್ರ ಹೇಳಿದ್ದಾರೆ. ಗುಟ್ಟಾಗಿ ತನ್ನ ನಾಡಿ ತಾನೇ ಹಿಡಿದು ನೋಡಿಕೊಳ್ಳುತ್ತಿದ್ದಾಗ ಟಪಾಲಿನ ಅಕ್ಕ ಒಳಗೆ ಬಂದಳು.

ಟಪಾಲಿನ ಅಕ್ಕ ಕಾರ್ಖಾನೆಯ ಟಪಾಲು ವಿಭಾಗವನ್ನು ನೋಡಿಕೊಳ್ಳುವವಳು. ಈಗ ಕಾಗದ ಬರೆಯುವವರೇ ಇಲ್ಲದ್ದರಿಂದ ಕಾಗದದ ಬದಲು ಸುದ್ದಿ ಹಂಚುತ್ತಿದ್ದಳು. ಅದರಲ್ಲೂ ಒಂದು ದಿನ ತಡ ಮಾಡಿದವಳಲ್ಲ. ಮುಳ್ಳಣ್ಣನ ಮೇಜಿಗೆ ಒರಗಿ ನಿಂತು ಅವಳು ಹೇಳಿದ್ದು ಇಷ್ಟು: ಮೇಲಿನ ಮಹಡಿಗೆ ಹೊಸದಾಗಿ ಬಂದಿರುವ ಲೆಕ್ಕದ ಹುಡುಗಿ ಕಂಪ್ಯೂಟರಿನಲ್ಲಿ ಒಂದು ಲೆಕ್ಕ ಕೂರಿಸಿದ್ದಾಳೆ. ಯಾರು ಕೆಲಸ ಬಿಟ್ಟು ಹೋಗುತ್ತಾರೆ, ಯಾರು ಉಳಿಯುತ್ತಾರೆ ಎಂದು ಅದು ಮೊದಲೇ ಹೇಳಿಬಿಡುತ್ತದೆ. ಮುಳ್ಳಣ್ಣ ಹೋಗುವ ಸಂಭವ ನೂರಕ್ಕೆ ಅರುವತ್ತು. ಮ್ಯಾನೇಜರ ಕೋಣೆಗೆ ಲಕೋಟೆ ಕೊಡಲು ಹೋದಾಗ ಕಿವಿಯಾರೆ ಕೇಳಿದ್ದಾಳೆ.

"ನಾನೆಲ್ಲಿಗೆ ಹೋಗ್ತೀನಕ್ಕ?" ಎಂದ ಮುಳ್ಳಣ್ಣ.

"ನಮ್ಮ ಹತ್ರ ಯಾಕೆ ಮುಚ್ಚಿಡ್ತೀರ? ಲಾಜಿಸ್ಟಿಕ್ ಅಂತಿದ್ರು. ಸಾಮಾನು ಸಾಗಿಸೋ ಕಂಪನಿ ತಾನೇ?"

ಇಲ್ಲ ಎಂದು ಅವನು ಎಷ್ಟು ಹೇಳಿದರೂ ಅವಳು ನಂಬಲಿಲ್ಲ. ಹೋಗುವವರೆಲ್ಲ ಹೀಗೇ ಹೇಳುವುದು, ಆಮೇಲೊಂದು ದಿನ ಕುರ್ಚಿ ಖಾಲಿ ಇರುತ್ತದೆ ಎಂದು ನಿಟ್ಟುಸಿರು ಬಿಟ್ಟು ಮುಂದಿನ ವಿಭಾಗಕ್ಕೆ ಹೋದಳು. ಕೆಲಸದಿಂದ ತೆಗೆಯುತ್ತಿಲ್ಲ, ರೋಗವೂ ಇಲ್ಲ ಎಂದು ಮುಳ್ಳಣ್ಣನಿಗೆ ಒಂದು ಕ್ಷಣ ಹಗುರಾಯಿತು. ಮರುಕ್ಷಣ ಮೈಯೆಲ್ಲ ಉರಿಯತೊಡಗಿತು. ಬಿಟ್ಟು ಹೋಗುವ ಯೋಚನೆ ಕನಸಿನಲ್ಲೂ ಮಾಡದವನ ಮೇಲೆ, ಅವನ ಮುಖವನ್ನೂ ನೋಡದ ಒಂದು ಪೆಟ್ಟಿಗೆ ಇಂಥ ಮಾತಾಡಬಹುದೇ?

ಚಹಾದ ಹೊತ್ತಿಗೆ ಸುದ್ದಿ ಕಾರ್ಖಾನೆಯ ಮೂಲೆಮೂಲೆಗೂ ತಲುಪಿ, ದಾರಿಯಲ್ಲಿ ಕೈಕಾಲು ಬೆಳೆಸಿಕೊಂಡಿತ್ತು. ಪ್ಯಾಕಿಂಗಿನವನೊಬ್ಬ ಬಂದು, ನೀವು ಹೋದ ಮೇಲೆ ನಿಮ್ಮ ಬೀರು ತನಗೇ ಸಿಗುವಂತೆ ಒಂದು ಮಾತು ಹೇಳಿ ಹೋಗಬೇಕೆಂದು ಕೇಳಿಕೊಂಡ. ಆ ಸಾಲಿನಲ್ಲಿ ಬಾಗಿಲು ಪೂರ್ತಿ ಮುಚ್ಚುವುದು ಮುಳ್ಳಣ್ಣನ ಬೀರು ಒಂದೇ. ಇನ್ನೊಬ್ಬ, ಅಲ್ಲಿ ಹೋಗಿ ನೆಲೆಯಾದ ಮೇಲೆ ತನ್ನನ್ನೂ ಕರೆಸಿಕೊಳ್ಳಿ ಎಂದ. ತಿರುಪು ವಿಭಾಗದ ಹಿರಿಯರು ಎದುರಿಗೆ ಬಂದರೂ ಮಾತಾಡಿಸದೆ ಮುಖ ತಿರುಗಿಸಿಕೊಂಡು ಹೋದರು. ಬೀಳ್ಕೊಡುಗೆಗೆ ಗೋಡೆ ಗಡಿಯಾರ ಕೊಡಬೇಕೋ ಸೂಟ್‌ಕೇಸ್ ಕೊಡಬೇಕೋ ಎಂದು ಊಟದ ಕೋಣೆಯಲ್ಲಿ ಎರಡು ಪಕ್ಷಗಳಾಗಿ, ಜಗಳ ಬಗೆಹರಿಯದೆ, ಕೊನೆಗೆ ಇಬ್ಬರು ಅವನ ಹತ್ತಿರವೇ ತೀರ್ಪು ಕೇಳಲು ಬಂದರು. ಎರಡೂ ಬೇಡ ಎಂದು ಮುಳ್ಳಣ್ಣ ಹಲ್ಲು ಕಚ್ಚಿ ಹೇಳಿದ. ಅವನ ಮನಸ್ಸಿನಲ್ಲಿ ಇನ್ನೂ ದೊಡ್ಡದೇನೋ ಇದೆ ಎಂದು ತಿಳಿದುಕೊಂಡು ಅವರು ಚಿಂತೆಯಿಂದ ವಾಪಸು ಹೋದರು.

ಆಮೇಲೆ ಭಾವಮೈದ ಬಂದ. ಹೆಂಡತಿಯ ತಮ್ಮ. ಅದೇ ಕಾರ್ಖಾನೆಯ ಬಣ್ಣದ ವಿಭಾಗದಲ್ಲಿದ್ದ. ಮೊಣಕೈವರೆಗೆ, ಕಿವಿಗೂ ಹಸಿರು ಬಣ್ಣ ಮೆತ್ತಿಕೊಂಡು ಬಾಗಿಲಲ್ಲಿ ನಿಂತಾಗ ಈಗಷ್ಟೇ ಗಿಡದಿಂದ ಕಿತ್ತು ತಂದ ಹಾಗೆ ಕಾಣುತ್ತಿದ್ದ.

"ಭಾವ, ಹೊರಗಿನವರ ಬಾಯಿಂದ ಕೇಳೋ ಹಾಗಾಯ್ತಲ್ಲ" ಎಂದ. "ಅಕ್ಕಂಗೂ ಗೊತ್ತಿಲ್ವಂತೆ. ಈಗ ತಾನೇ ಫೋನ್ ಮಾಡಿ ಹೇಳ್ದೆ."

"ಅವಳಿಗೆ ಯಾಕೋ ಹೇಳಿದೆ?" ಎಂದು ಮುಳ್ಳಣ್ಣ ಬಾಯಿ ತೆರೆಯುವಷ್ಟರಲ್ಲಿ ಅವನ ಜೇಬಿನಲ್ಲಿದ್ದ ಫೋನು ನಡುಗಿತು. ಹೆಂಡತಿ. ಅವಳು ಅಳಲಿಲ್ಲ, ಕೂಗಲಿಲ್ಲ. ಅದಕ್ಕಿಂತ ಕೆಟ್ಟದಾಗಿ, ಬಹಳ ತಾಳ್ಮೆಯಿಂದ ಮಾತಾಡಿದಳು. ಇಷ್ಟು ವರ್ಷ ಒಂದೇ ಸೂರಿನಡಿ ಬಾಳಿದ ಮೇಲೆ ಒಂದು ಮಾತು ಹೇಳಬಾರದೆಂದು ಯಾರು ಕಲಿಸಿದರು ಎಂದು ಕೇಳಿದಳು. ಕೊನೆಗೆ, "ಲಾರಿ ಕಂಪನಿ ಅಂತೆ. ಸೈಕಲ್ ಮೇಲೆ ನೆಟ್ಟಗೆ ಕೂರೋಕೆ ಬರಲ್ಲ ನಿಮಗೆ. ಏನು ಮಾಡ್ತೀರ ಅಲ್ಲಿ ಹೋಗಿ?" ಎಂದಳು.

"ನಾನು ಎಲ್ಲೂ ಹೋಗ್ತಿಲ್ಲ ಕಣೇ."

"ನನಗೂ ಅದನ್ನೇ ಹೇಳ್ತೀರಲ್ಲ ರೀ" ಎಂದು ಫೋನು ಇಟ್ಟಳು.

ಮುಳ್ಳಣ್ಣ ಮೇಜಿನ ಮೇಲಿದ್ದ ಯಂತ್ರವನ್ನು ಪಕ್ಕಕ್ಕೆ ಸರಿಸಿ ಎದ್ದ. ಅಷ್ಟರಲ್ಲಿ ಮ್ಯಾನೇಜರೇ ಕರೆಸಿದರು.

ಮ್ಯಾನೇಜರು ಬಾಗಿಲು ಹಾಕಿ, ಬಹಳ ಹೊತ್ತು ಅವನ ಕೆಲಸದ ಅಚ್ಚುಕಟ್ಟನ್ನು ಹೊಗಳಿದರು. ಮುಂದಿನ ತಿಂಗಳಿಂದ ಪರೀಕ್ಷಾ ವಿಭಾಗಕ್ಕೆ ಅವನನ್ನೇ ಮುಖ್ಯಸ್ಥನನ್ನಾಗಿ ಮಾಡುವ ವಿಚಾರವಿದೆ, ಮೇಲಿನ ಮಹಡಿಯಲ್ಲಿ ಕೋಣೆ, ಬಾಗಿಲ ಮೇಲೆ ಹೆಸರು ಎಂದರು. ಎಷ್ಟೋ ವರ್ಷ ಅವನು ಒಳಗೊಳಗೇ ಆಸೆಪಟ್ಟು ಬಾಯಿಬಿಟ್ಟು ಕೇಳದೆ ಇದ್ದ ಹುದ್ದೆ ಅದು. ಬೇರೆ ದಿನವಾಗಿದ್ದರೆ ಅವನ ಕಣ್ಣು ತುಂಬಿ ಬರುತ್ತಿತ್ತು. ಇವತ್ತು ಕಿವಿ ಕೆಂಪಾಯಿತು.

"ಸಾರ್, ನಾನು ಕೆಲಸ ಬಿಡ್ತೀನಿ ಅಂತ ಹೆದರಿ ಇದನ್ನ ಕೊಡ್ತಿದ್ದೀರಾ?"

ಮ್ಯಾನೇಜರು ನಕ್ಕರು. ಮುಳ್ಳಣ್ಣ ಅವರ ಮೇಜಿನ ಮುಂದೆ ನಿಂತು, ತಾನು ಎಲ್ಲಿಗೂ ಹೋಗುತ್ತಿಲ್ಲ, ಹೋಗುವ ಯೋಚನೆ ಮಾಡಿಲ್ಲ, ಇನ್ನು ಮುಂದೆಯೂ ಮಾಡುವುದಿಲ್ಲ, ಸತ್ತರೂ ಈ ಕಾರ್ಖಾನೆ ಬಿಡುವುದಿಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿದ. ಅವನು ಚೌಕಾಸಿಗೆ ಇಳಿದಿದ್ದಾನೆಂದು ಮ್ಯಾನೇಜರು ತಿಳಿದರು. ಕೋಣೆಗೆ ಪರದೆಯನ್ನೂ ಸೇರಿಸಿದರು. ಮುಳ್ಳಣ್ಣ, ಸುಳ್ಳು ಲೆಕ್ಕದಿಂದ ಬಂದ ಹುದ್ದೆ ತನಗೆ ಬೇಡ, ಆ ಲೆಕ್ಕ ಸರಿಮಾಡಿಸಿಕೊಂಡೇ ಬರುತ್ತೇನೆ ಎಂದು ಹೊರಗೆ ಬಂದ.

ಹೊರಗೆ ಕಾಯುತ್ತಿದ್ದ ಭಾವಮೈದ ಎಲ್ಲವನ್ನೂ ಬಾಗಿಲಿಗೆ ಕಿವಿಯಿಟ್ಟು ಕೇಳಿಸಿಕೊಂಡಿದ್ದ. ಬಾಗಿಲ ಮೇಲೆ ಹಸಿರು ಕಿವಿಯ ಗುರುತು ಬಿದ್ದಿತ್ತು. ಅವನು ಮುಳ್ಳಣ್ಣನನ್ನು ಮೆಟ್ಟಿಲ ಮರೆಗೆ ಎಳೆದುಕೊಂಡು ಹೋದ.

"ಭಾವ, ತಲೆ ಸರಿ ಇದೆಯಾ ನಿಮಗೆ? ನಿಮಗೆ ಬರೀ ಅರುವತ್ತು. ನನಗೆ ತೊಂಬತ್ತು ಬಂದಿದೆ. ನಾನೇನಾದ್ರೂ ಕೂಗಾಡಿದ್ನಾ? ಬಣ್ಣದಿಂದ ಬಿಡಿಸಿ ಉಗ್ರಾಣದ ಆಫೀಸಿಗೆ ಹಾಕ್ತಾರಂತೆ. ಕುರ್ಚಿ ಮೇಲೆ ಕೂರೋ ಕೆಲಸ. ಬಾಯಿಗೆ ಬೀಗ ಹಾಕ್ಕೊಂಡು ಇರಿ."

ಇವನೊಬ್ಬನೇ ಅಲ್ಲ, ಟಪಾಲಿನ ಅಕ್ಕನಿಗೆ ಎಪ್ಪತ್ತು ಬಂದು ಚಕ್ರದ ಕುರ್ಚಿಯ ಭರವಸೆ ಸಿಕ್ಕಿದೆ, ಇನ್ನೂ ಎಷ್ಟೋ ಜನಕ್ಕೆ ಏನೇನೋ ಸಿಕ್ಕಿದೆ ಎಂದು ಆಗ ಗೊತ್ತಾಯಿತು. ಇದು ಮುಳ್ಳಣ್ಣನ ಸಿಟ್ಟನ್ನು ಇನ್ನಷ್ಟು ಏರಿಸಿತು. ವಾರಕ್ಕೊಮ್ಮೆ ಮೇಲಿನವರ ಜೊತೆ ಜಗಳ ಕಾಯುವ ಭಾವಮೈದನಿಗೆ ತೊಂಬತ್ತು ಬಂದದ್ದು ನ್ಯಾಯ. ತನಗೆ ಅರುವತ್ತು ಯಾವ ನ್ಯಾಯ?

ಲೆಕ್ಕದ ಹುಡುಗಿಯ ಕೋಣೆಯಲ್ಲಿ ಒಂದು ಮೇಜು, ಒಂದು ಕಂಪ್ಯೂಟರು, ಬಂದವರಿಗೆಂದು ಒಂದು ಖಾಲಿ ಕುರ್ಚಿ ಇದ್ದವು. ಕೂತರೆ ಸಿಟ್ಟು ಇಳಿದುಹೋಗಬಹುದೆಂದು ಮುಳ್ಳಣ್ಣ ನಿಂತೇ ಇದ್ದ. ಹುಡುಗಿ ಮಾತ್ರ ಅವನನ್ನು ಕಂಡು ಸಂತೋಷಪಟ್ಟಳು. ಎಲ್ಲರೂ ತಮ್ಮ ಅಂಕಿ ಎಷ್ಟು ಎಂದು ಕೇಳಲು ಬರುತ್ತಾರೆ, ಯಾಕೆ ಎಂದು ಕೇಳಲು ಬಂದವರು ನೀವೊಬ್ಬರೇ ಎಂದು ವಿವರಿಸತೊಡಗಿದಳು.

ಹಿಂದೆ ಕೆಲಸ ಬಿಟ್ಟವರನ್ನೂ ಉಳಿದವರನ್ನೂ ತೋರಿಸಿ ಅವಳು ಕಂಪ್ಯೂಟರಿಗೆ ಕಲಿಸಿದ್ದಳು. ತಡವಾಗಿ ಬಂದ ಪ್ರತಿ ಸಲಕ್ಕೂ ಅದು ಇಷ್ಟು ಕೂಡುತ್ತದೆ, ಜಗಳಕ್ಕೆ ಇಷ್ಟು, ದೂರಿಗೆ ಇಷ್ಟು. ಬಹುಮಾನ ಬಂದಿದ್ದರೆ, ಬಡ್ತಿ ಸಿಕ್ಕಿದ್ದರೆ ಇಷ್ಟಿಷ್ಟು ಕಳೆಯುತ್ತದೆ. ಎಲ್ಲ ಕೂಡಿ ಕಳೆದು ಬಂದ ಮೊತ್ತವನ್ನು ಒಂದು ಬಾಗಿದ ಗೆರೆಯ ಮೇಲಿಟ್ಟು, ಹೋಗುವ ಸಂಭವ ನೂರಕ್ಕೆ ಎಷ್ಟು ಎಂದು ಹೇಳುತ್ತದೆ. ಇದಕ್ಕೆ ಲಾಜಿಸ್ಟಿಕ್ ರಿಗ್ರೆಷನ್ ಎಂದು ಹೆಸರು. ಲಾರಿಗೂ ಇದಕ್ಕೂ ಏನೂ ಸಂಬಂಧವಿಲ್ಲ.

ಹಾಗಾದರೆ ತಾನು ಮಾಡಿದ ತಪ್ಪುಗಳನ್ನೆಲ್ಲ ಓದಿ ಹೇಳು ಎಂದ ಮುಳ್ಳಣ್ಣ. ಹುಡುಗಿ ತೆರೆಯ ಮೇಲೆ ಬೆರಳಿಟ್ಟು ಓದಿದಳು. ತಡವಾಗಿ ಬಂದದ್ದು, ಸೊನ್ನೆ. ಜಗಳ, ಸೊನ್ನೆ. ದೂರು, ಸೊನ್ನೆ. ಬಹುಮಾನ, ಸೊನ್ನೆ. ಬಡ್ತಿ, ಅದೂ ಸೊನ್ನೆ.

"ಒಂದು ದಿನ ತಡವಾಗಿ ಬಂದಿಲ್ಲ ನಾನು. ಅದಕ್ಕೇನೂ ಇಲ್ವಾ?"

"ತಡ ಸೊನ್ನೆ ಸಲ, ಅದನ್ನ ಯಾವುದರಿಂದ ಗುಣಿಸಿದ್ರೂ ಸೊನ್ನೆ ತಾನೇ ಸರ್?"

"ಹಾಗಾದ್ರೆ ಅರುವತ್ತು ಎಲ್ಲಿಂದ ಬಂತಮ್ಮ?"

"ಅದು ನಿಮ್ಮಿಂದ ಬಂದಿದ್ದಲ್ಲ" ಎಂದಳು ಹುಡುಗಿ. "ಯಾರನ್ನೂ ನೋಡೋ ಮೊದಲೇ ಲೆಕ್ಕ ಒಂದು ಅಂಕಿಯಿಂದ ಶುರುವಾಗತ್ತೆ. ಇಂಟರ್ಸೆಪ್ಟ್ ಅಂತಾರೆ. ಅದು ಎಲ್ಲರಿಗೂ ಒಂದೇ. ಅದರ ಮೇಲೆ ಅವರವರದ್ದು ಕೂಡೋದು, ಕಳೆಯೋದು. ನಿಮ್ಮದು ಎಲ್ಲ ಸೊನ್ನೆ. ಅದಕ್ಕೆ ಶುರುವಿನ ಅಂಕಿ ಒಂದೇ ಉಳೀತು."

ಮುಳ್ಳಣ್ಣ ಕೋಣೆಯಲ್ಲಿದ್ದ ಖಾಲಿ ಕುರ್ಚಿಯನ್ನು ತೋರಿಸಿ, ಇದನ್ನೇ ಒಬ್ಬ ನೌಕರ ಎಂದು ಹಾಕಿದರೆ ನಿನ್ನ ಕಂಪ್ಯೂಟರು ಏನು ಹೇಳುತ್ತದೆ ಎಂದು ಕೇಳಿದ.

ಹುಡುಗಿ ಸುಳ್ಳು ಹೇಳಲು ಬಾರದವಳು. "ಅರುವತ್ತೇ ಹೇಳತ್ತೆ ಸರ್" ಎಂದಳು.

ಇಷ್ಟು ಹೊತ್ತು ಮುಳ್ಳಣ್ಣನಿಗೆ ಇದ್ದದ್ದು ಬರೀ ಸಿಟ್ಟು. ಈಗ ಆದದ್ದು ಅವಮಾನ. ಜ್ವರ ಬಂದಾಗ ಕಂಬಳಿ ಹೊದ್ದುಕೊಂಡು ಬಂದು ಕೂತು ಮುಳ್ಳು ನೋಡಿದ್ದ. ಮಗಳ ಶಾಲೆಯ ನಾಟಕಕ್ಕೆ ಹೋಗದೆ ಕೆಲಸಕ್ಕೆ ಬಂದು, ಅವಳ ಕೋಪವನ್ನು ತಿಂಗಳುಗಟ್ಟಲೆ ಉಂಡಿದ್ದ. ಜಗಳ ಆಡಬೇಕೆನಿಸಿದಾಗಲೆಲ್ಲ ನಾಲಿಗೆ ಕಚ್ಚಿಕೊಂಡಿದ್ದ. ಅದೆಲ್ಲ ಎಲ್ಲೋ ಜಮೆಯಾಗುತ್ತಿದೆ ಎಂದುಕೊಂಡಿದ್ದ. ಈಗ ನೋಡಿದರೆ ಆ ಲೆಕ್ಕಕ್ಕೆ ತಾನೂ ಒಂದೇ, ಹತ್ತಿ ಕಿತ್ತುಬಂದ ಕುರ್ಚಿಯೂ ಒಂದೇ. ಅದೂ ಹೋಗಲಿ, ಖಾಲಿ ಕುರ್ಚಿ ಎದ್ದು ಕೆಲಸ ಬಿಟ್ಟು ಹೋಗುತ್ತದೆ ಎನ್ನುವ ಲೆಕ್ಕಕ್ಕೆ ಸಂಬಳ ಬೇರೆ ಕೊಡುತ್ತಿದ್ದಾರೆ.

"ನೋಡಮ್ಮ" ಎಂದ. "ತಟ್ಟೆ ಖಾಲಿ ಇದ್ದಾಗ ಮುಳ್ಳು ಅರುವತ್ತು ತೋರಿಸಿದ್ರೆ ಆ ಯಂತ್ರವನ್ನ ನಾನು ನನ್ನ ಕೋಣೆ ಬಾಗಿಲು ದಾಟೋಕೆ ಬಿಡಲ್ಲ. ಆ ಶುರುವಿನ ಅಂಕಿ ತೆಗೆದು ಸೊನ್ನೆ ಮಾಡು."

ಹುಡುಗಿ, ಸೊನ್ನೆ ಮಾಡಿದರೆ ನೀವು ಅಂದುಕೊಂಡ ಹಾಗೆ ಆಗುವುದಿಲ್ಲ ಎಂದು ಏನೋ ಹೇಳಲು ಹೋದಳು. ಮುಳ್ಳಣ್ಣ ಕೈ ಎತ್ತಿ ತಡೆದ. ಬೇರೆ ಯಾವ ವಿಷಯದಲ್ಲಾದರೂ ನನಗೆ ಬುದ್ಧಿ ಹೇಳು, ಸೊನ್ನೆಯ ವಿಷಯದಲ್ಲಿ ಮಾತ್ರ ಬೇಡ, ಅದು ನನ್ನ ಕಸುಬು ಎಂದ. ಹುಡುಗಿ ಶುರುವಿನ ಅಂಕಿಯನ್ನು ಅಳಿಸಿ ಸೊನ್ನೆ ಒತ್ತಿ, ಅವನ ಹೆಸರಿನ ಮುಂದೆ ಬಂದದ್ದನ್ನು ತೋರಿಸಿದಳು.

ನೂರಕ್ಕೆ ಐವತ್ತು.

ಮುಳ್ಳಣ್ಣ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಮತ್ತೆ ನೋಡಿದ. ಐವತ್ತೇ. ಎಲ್ಲವೂ ಸೊನ್ನೆ, ಶುರುವೂ ಸೊನ್ನೆ, ಆದರೂ ತನ್ನಲ್ಲಿ ಅರ್ಧ ಮನುಷ್ಯ ಕೆಲಸ ಬಿಟ್ಟು ಹೊರಟಿದ್ದ.

"ಇಲ್ಲಿ ಸೊನ್ನೆ ಅಂದ್ರೆ ಏನೂ ಇಲ್ಲ ಅಂತಲ್ಲ ಸರ್. ಹೋಗೋದಕ್ಕೂ ಇರೋದಕ್ಕೂ ಸರಿಸಮ ಅಂತ. ಹೋಗೋ ಸಂಭವ ತೀರಾ ಕಡಿಮೆ ಅನ್ನಬೇಕಾದ್ರೆ ಸೊನ್ನೆಗಿಂತ ಬಹಳ ಕೆಳಗೆ ಇಳೀಬೇಕು" ಎಂದಳು ಹುಡುಗಿ ಮೆತ್ತಗೆ.

ಮುಳ್ಳಣ್ಣ ಆಗ ಕೂತ. ಜೀವಮಾನವಿಡೀ ನಂಬಿಕೊಂಡು ಬಂದ ಸೊನ್ನೆ ಈ ಕೋಣೆಯಲ್ಲಿ ಹೀಗೆ ಕೈಕೊಡುತ್ತದೆಂದು ಅವನು ಎಣಿಸಿರಲಿಲ್ಲ. ಅವನ ಮುಖ ನೋಡಿ ಹುಡುಗಿಗೆ ಪಾಪ ಎನಿಸಿತೇನೋ. ನೀರು ಕೊಟ್ಟು, ಅವನ ಸಮಾಧಾನಕ್ಕೆಂದು ತಾನು ಇದನ್ನೆಲ್ಲ ಎಷ್ಟು ಎಚ್ಚರಿಕೆಯಿಂದ ಕಲಿಸಿದ್ದೇನೆಂದು ಹೇಳತೊಡಗಿದಳು. ಈ ಕಾರ್ಖಾನೆಯಲ್ಲಿ ವರ್ಷಕ್ಕೆ ನೂರಕ್ಕೆ ಇಬ್ಬರು ಬಿಟ್ಟು ಹೋದರೆ ಹೆಚ್ಚು. ಅಷ್ಟು ಕಡಿಮೆ ಜನರನ್ನು ತೋರಿಸಿದರೆ ಕಂಪ್ಯೂಟರು ಕಲಿಯುವುದು ಕಷ್ಟ. ಹಾಗಾಗಿ ಬಿಟ್ಟವರು ಎಷ್ಟು ಮಂದಿಯೋ ಉಳಿದವರಲ್ಲೂ ಅಷ್ಟೇ ಮಂದಿಯನ್ನು ಆರಿಸಿ, ಅರ್ಧಕ್ಕರ್ಧ ಮಾಡಿ...

ಅಷ್ಟರಲ್ಲಿ ಹುಡುಗಿ ತೆರೆಯ ಕಡೆ ತಿರುಗಿದಳು. ಕೈ ತಾನಾಗಿ ಹಣೆಗೆ ಹೋಯಿತು.

ಅರ್ಧಕ್ಕರ್ಧ ಜನ ಬಿಟ್ಟು ಹೋಗುವ ಕಾರ್ಖಾನೆ ಎಂದು ಕಂಪ್ಯೂಟರು ನಂಬಿಕೊಂಡಿದೆ, ಆಮೇಲೆ ಶುರುವಿನ ಅಂಕಿಯನ್ನು ನಿಜಕ್ಕೆ ತಕ್ಕಂತೆ ಇಳಿಸಬೇಕಿತ್ತು, ಅದನ್ನು ತಾನು ಮರೆತೇಬಿಟ್ಟಿದ್ದೇನೆ ಎಂದು ಅವಳು ಅಳುವ ಹಾಗೆ ಹೇಳಿದಳು. ಉಳಿದದ್ದೆಲ್ಲ ಸರಿ. ಯಾರು ಯಾರಿಗಿಂತ ಹೆಚ್ಚು ಎನ್ನುವುದೂ ಸರಿ. ತಪ್ಪಿರುವುದು ಆ ಒಂದು ಅಂಕಿ ಮಾತ್ರ. ಅವಳು ಕಾಗದದ ಮೇಲೆ ಏನೋ ಗೀಚಿ, ಶುರುವಿನ ಅಂಕಿಯನ್ನು ಸೊನ್ನೆಗಿಂತ ಎಷ್ಟೋ ಕೆಳಕ್ಕೆ ಇಳಿಸಿ ಒತ್ತಿದಳು. ಮುಳ್ಳಣ್ಣನ ಹೆಸರಿನ ಮುಂದೆ ಅರುವತ್ತು ಇದ್ದ ಕಡೆ ಈಗ ಮೂರು ಬಂತು.

ನೂರಕ್ಕೆ ಮೂರು. ಮುಳ್ಳಣ್ಣನಿಗೆ ಆ ಮೂರೂ ಯಾಕೆ ಎಂದು ಕೇಳುವ ಮನಸ್ಸಿತ್ತು. ಆದರೆ ಹುಡುಗಿಯ ಕಣ್ಣಂಚು ಒದ್ದೆಯಾಗಿದ್ದನ್ನು ನೋಡಿ ಬಿಟ್ಟುಕೊಟ್ಟ. ಎದೆ ಮುಂದೆ ಮಾಡಿಕೊಂಡು ಮೆಟ್ಟಿಲಿಳಿದ. ನ್ಯಾಯ ಗೆದ್ದಿದೆ ಎಂದು ಹೆಂಡತಿಗೆ ಫೋನು ಮಾಡಿ ಹೇಳಿದ. ಹಾಗಾದರೆ ಬರುವಾಗ ಸೋಪು ತನ್ನಿ ಎಂದಳು ಅವಳು.

ಶುರುವಿನ ಅಂಕಿ ಎಲ್ಲರಿಗೂ ಒಂದೇ ಎಂದು ಹುಡುಗಿ ಹೇಳಿದ ಮಾತು ಅವನಿಗೆ ಅರ್ಥವಾದದ್ದು ಸಂಜೆಯ ಹೊತ್ತಿಗೆ. ಅದು ಇಳಿದರೆ ಎಲ್ಲರದೂ ಇಳಿಯುತ್ತದೆ. ಕರ್ತವ್ಯನಿಷ್ಠೆಯ ಹುಡುಗಿ ತನ್ನ ತಪ್ಪನ್ನು ಮ್ಯಾನೇಜರ ಮುಂದೆ ಒಪ್ಪಿಕೊಂಡು ಹೊಸ ಅಂಕಿಗಳನ್ನು ಒಪ್ಪಿಸಿದ್ದಳು. ತೊಂಬತ್ತರ ಭಾವಮೈದ ಹದಿನೈದಕ್ಕೆ ಬಂದಿದ್ದ. ಎಪ್ಪತ್ತರ ಟಪಾಲಿನ ಅಕ್ಕ ಐದಕ್ಕಿಳಿದಿದ್ದಳು. ಬೆಳಿಗ್ಗೆಯಿಂದ ಹೆದರಿ ಹೆದರಿ ಎಲ್ಲರನ್ನೂ ಓಲೈಸುತ್ತಿದ್ದ ಮ್ಯಾನೇಜರಿಗೆ, ಯಾರೂ ಎಲ್ಲಿಗೂ ಹೋಗುವುದಿಲ್ಲ ಎಂದು ಗೊತ್ತಾದದ್ದೇ ತಡ, ಬೆನ್ನು ನೆಟ್ಟಗಾಯಿತು. ಉಗ್ರಾಣದ ಆಫೀಸು ರದ್ದು. ಚಕ್ರದ ಕುರ್ಚಿ ರದ್ದು. ಪ್ಯಾಕಿಂಗಿನವರಿಗೆ ಹೇಳಿದ್ದ ಶನಿವಾರದ ಅರ್ಧ ದಿನದ ರಜೆಯೂ ರದ್ದು.

ಇದೆಲ್ಲ ಯಾರ ಕೃಪೆ ಎಂದು ಟಪಾಲಿನ ಅಕ್ಕ ಮನೆಮನೆಗೆ ಕಾಗದ ಮುಟ್ಟಿಸುವ ಶ್ರದ್ಧೆಯಿಂದ ಪ್ರತಿ ವಿಭಾಗಕ್ಕೂ ಮುಟ್ಟಿಸಿದಳು. ಬೆಳಿಗ್ಗೆ ಮುಳ್ಳಣ್ಣ ಹೋಗಿಬಿಡುತ್ತಾನಲ್ಲ ಎಂದು ಮರುಗಿದ್ದವರು, ಇವನು ಯಾಕೆ ಹೋಗಲಿಲ್ಲ ಎಂದು ಹಲ್ಲು ಕಡಿದರು. ಬೀರು ಕೇಳಿದ್ದವನು ಆ ಬೀರನ್ನೇ ಒದ್ದು ಹೋದ. ಈಗ ಅದರ ಬಾಗಿಲೂ ಪೂರ್ತಿ ಮುಚ್ಚುತ್ತಿರಲಿಲ್ಲ. ಭಾವಮೈದ ಹತ್ತಿರ ಬಂದು, ಅಕ್ಕನ ಮುಖ ನೋಡಿಕೊಂಡು ಸುಮ್ಮನಿದ್ದೇನೆ, ಇಲ್ಲದಿದ್ದರೆ ನಿಮ್ಮನ್ನೇ ಹಸಿರು ಬಣ್ಣದ ತೊಟ್ಟಿಯಲ್ಲಿ ಅದ್ದಿ ಒಣಗಹಾಕುತ್ತಿದ್ದೆ ಎಂದು ಮರ್ಯಾದೆಯಿಂದಲೇ ತಿಳಿಸಿದ. ತಾನು ಹೇಳಿದ್ದು ನಿಜವಲ್ಲವೇ, ಲೆಕ್ಕ ತಪ್ಪಿದ್ದು ಸುಳ್ಳೇ ಎಂದು ಮುಳ್ಳಣ್ಣ ಒಬ್ಬೊಬ್ಬರನ್ನೂ ನಿಲ್ಲಿಸಿ ಕೇಳಿದ. ಯಾರೂ ನಿಲ್ಲಲಿಲ್ಲ.

ಕೆಲಸ ಮುಗಿಯುವ ಗಂಟೆಗೆ ಸ್ವಲ್ಪ ಮುಂಚೆ ಮ್ಯಾನೇಜರಿಂದ ಕರೆ ಬಂತು. ಇವರಾದರೂ ತನ್ನ ಪ್ರಾಮಾಣಿಕತೆಯನ್ನು ಮೆಚ್ಚುತ್ತಾರೆ ಎಂದುಕೊಂಡು ಮುಳ್ಳಣ್ಣ ಕೂದಲು ಬಾಚಿಕೊಂಡು ಹೋದ. ಮ್ಯಾನೇಜರು ನಿಜಕ್ಕೂ ಮೆಚ್ಚಿದರು. ನಿಮ್ಮಂಥವರು ಇರುವುದರಿಂದಲೇ ಈ ಕಾರ್ಖಾನೆ ನಡೆಯುತ್ತಿದೆ ಎಂದರು. ಆಮೇಲೆ ನದಿಯಾಚೆಯ ಗೋದಾಮಿನ ವಿಷಯ ತೆಗೆದರು.

ಕೆಟ್ಟು ವಾಪಸು ಬಂದ ಯಂತ್ರಗಳನ್ನು ಒಟ್ಟುವ ಜಾಗ ಅದು. ಗೋಡೆ ಸದಾ ಬೆವರುತ್ತಿರುತ್ತದೆ. ಕಿಟಕಿ ಇಲ್ಲ. ಬಸ್ಸು ಎರಡು ಕಡೆ ಬದಲಿಸಬೇಕು. ಮಾತಾಡಿಸಲು ಇಲಿಗಳ ಹೊರತು ಯಾರೂ ಇಲ್ಲ. ಅಲ್ಲಿದ್ದವನು ಹಿಂದಿನ ವಾರ ಹೇಳದೆ ಕೇಳದೆ ಓಡಿಹೋಗಿದ್ದ. ಯಾರನ್ನು ಕಳಿಸಿದರೂ ಕೆಲಸ ಬಿಟ್ಟುಬಿಡುತ್ತಾರೆ ಎಂಬ ಭಯಕ್ಕೇ ಮ್ಯಾನೇಜರು ಈ ಲೆಕ್ಕವನ್ನು ಮಾಡಿಸಿದ್ದು. ಯಾರನ್ನು ಕಳಿಸಿದರೆ ಬಿಡುವುದಿಲ್ಲ ಎಂದು ಅವರಿಗೆ ಗೊತ್ತಾಗಬೇಕಿತ್ತು.

"ಸಾರ್, ಎಲ್ಲರದ್ದೂ ಕಡಿಮೆ ಆಗಿದೆಯಲ್ಲ. ನಾನೇ ಯಾಕೆ?"

"ಎಲ್ಲರದ್ದೂ ಕಡಿಮೆ ಆಗಿದೆ, ನಿಜ" ಎಂದರು ಮ್ಯಾನೇಜರು. "ಆದ್ರೆ ಇಲ್ಲಿ ನಿಂತ್ಕೊಂಡು, ಸತ್ತರೂ ಬಿಡಲ್ಲ ಅಂದಿದ್ದು ನೀವೊಬ್ರೇ."

ಮುಖ್ಯಸ್ಥನ ಹುದ್ದೆಯ ಬಗ್ಗೆ ಮುಳ್ಳಣ್ಣ ತೊದಲಿದ. ಅದನ್ನು ನೀವೇ ಬೇಡ ಎಂದಿರಲ್ಲ ಎಂದು ಅವರು ನೆನಪಿಸಿದರು.

ಮುಳ್ಳಣ್ಣನ ಒಳಗೆ, ಇಷ್ಟು ವರ್ಷ ಒಮ್ಮೆಯೂ ಅಲ್ಲಾಡದೆ ಕೂತಿದ್ದ ಏನೋ ಒಂದು ಎದ್ದು ನಿಂತಿತು. ಅವನು ಅವರ ಮೇಜಿನ ಮೇಲಿದ್ದ ಬಿಳಿ ಹಾಳೆಯನ್ನೇ ಎಳೆದುಕೊಂಡು, ಅವರದೇ ಪೆನ್ನಿನಿಂದ, ಈ ಕ್ಷಣದಿಂದ ತಾನು ಕೆಲಸ ಬಿಟ್ಟಿದ್ದೇನೆ ಎಂದು ಬರೆದ. ಅಕ್ಷರ ಒಂದರ ಮೇಲೊಂದು ಹತ್ತಿದರೂ ಸಹಿ ಮಾತ್ರ ಸ್ಪಷ್ಟವಾಗಿತ್ತು. ಹಾಳೆಯನ್ನು ಅವರ ಮುಂದೆ ತಳ್ಳಿ, ನಿಮ್ಮ ಲೆಕ್ಕ ಏನು ಹೇಳುತ್ತದೋ ಈಗ ಕೇಳಿ ನೋಡಿ ಎಂದ.

ಮ್ಯಾನೇಜರು ಓದಿದರು. ಗಾಬರಿಯಾಗಲಿಲ್ಲ. ಲೆಕ್ಕದ ಹುಡುಗಿಯನ್ನು ಕರೆದು, ಮುಳ್ಳಣ್ಣನ ಅಂಕಿ ಮೂರು ಎಂದರೆ ಸರಿಯಾಗಿ ಏನರ್ಥ ಎಂದು ವಿಚಾರಿಸಿದರು.

"ಇವರಂಥೋರು ನೂರು ಜನ ಇದ್ರೆ ಅವರಲ್ಲಿ ಮೂರು ಜನ ಬಿಟ್ಟು ಹೋಗ್ತಾರೆ ಅಂತ ಸರ್."

"ಅಂದ್ರೆ ಇವರು ಆ ಮೂವರಲ್ಲಿ ಒಬ್ರು. ಲೆಕ್ಕ ಕರಾರುವಾಕ್ಕಾಗಿದೆ" ಎಂದು ಮ್ಯಾನೇಜರು ಹುಡುಗಿಯನ್ನು ಅಭಿನಂದಿಸಿದರು.

ಮುಳ್ಳಣ್ಣನಿಗೆ ನೆತ್ತಿಗೇರಿದ ರಕ್ತ ಇಳಿಯುವ ದಾರಿ ಕಾಣಲಿಲ್ಲ. ಬೆಳಿಗ್ಗೆಯಿಂದ ತನ್ನ ಮಾನ ಕಳೆದ ಲೆಕ್ಕವನ್ನು, ಕೆಲಸ ಕಳೆದುಕೊಂಡು ತಾನೇ ಸರಿಯೆಂದು ಸಾಬೀತು ಮಾಡಿಕೊಡುವುದೇ? ಇದೊಂದು ಮಾತ್ರ ಆಗಕೂಡದು. ಮ್ಯಾನೇಜರ ಕೈಯಿಂದ ರಾಜೀನಾಮೆಯನ್ನು ಕಿತ್ತುಕೊಂಡು ಎರಡಾಗಿ ಹರಿದ. ಸಾಲದೆಂದು ನಾಲ್ಕಾಗಿ ಹರಿದ. "ನಾನು ಬಿಡಲ್ಲ. ಈಗೇನು ಹೇಳ್ತೀರ?" ಎಂದ.

"ಹಾಗಾದ್ರೆ ಉಳಿದ ತೊಂಬತ್ತೇಳರಲ್ಲಿ ಒಬ್ರು. ಇನ್ನೂ ಒಳ್ಳೇದಾಯ್ತು" ಎಂದರು ಮ್ಯಾನೇಜರು.

ಮುಳ್ಳಣ್ಣ ಹುಡುಗಿಯ ಕಡೆ ನೋಡಿದ. ಹೋದರೆ ಸರಿ, ಉಳಿದರೂ ಸರಿ ಎನ್ನುವ ಲೆಕ್ಕ ಪ್ರಪಂಚದಲ್ಲಿ ಎಲ್ಲಾದರೂ ಇರುತ್ತದೆಯೇ, ನೀನಾದರೂ ಹೇಳು ಎಂದು ಬೇಡಿಕೊಂಡ. ಹುಡುಗಿ ತಲೆ ತಗ್ಗಿಸಿ, ಒಬ್ಬರ ಮಟ್ಟಿಗಾದರೆ ಎರಡೂ ಸರಿಯೇ ಎಂದಳು.

ಮ್ಯಾನೇಜರು ಖಾನೆ ಎಳೆದು ಒಂದು ತುಕ್ಕು ಹಿಡಿದ ಬೀಗದ ಕೈ ತೆಗೆದು ಚಾಚಿದರು. ನದಿಯಾಚೆಗೆ ಮೊದಲ ಬಸ್ಸು ಬೆಳಗಾಗುವ ಮುಂಚೆಯೇ ಹೊರಡುತ್ತದೆ ಎಂದು ತಿಳಿಸಿದರು. ಮುಳ್ಳಣ್ಣ ಹರಿದ ಚೂರುಗಳನ್ನು ಹಿಡಿದಿದ್ದ ಕೈಯನ್ನೇ ಮುಂದೆ ನೀಡಿದ. ಅವುಗಳ ಮೇಲೆಯೇ ಬೀಗದ ಕೈ ಬಿತ್ತು.